ಜವಾರಿ ಬೀಜ ರೈತರ ಹೊಲದಲ್ಲೇ ಉಳಿಯಬೇಕೇ?

ಪರ
(ಧಾರವಾಡದ ನಿವೃತ್ತ ಸಸ್ಯಶಾಸ್ತ್ರ ಶಿಕ್ಷಕ)

‘ಉಳಿಯಬೇಕು’ ಎಂಬ ಬದಿಗೆ ಬರೆಯಿರಿ ಎಂದು ಕೇಳಿದರು. ಎಲ್ಲರೂ ಜವಾರಿಯನ್ನೇ, ಅಂದರೆ ನಾಟಿ ಬೀಜವನ್ನೇ ಬಿತ್ತಬೇಕು ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಊರಿಗೆ ನಾಲ್ಕು ಹೊಲದಲ್ಲಾದರೂ ಇರಲಿ ಎನ್ನುತ್ತೇನೆ.

ಊರೆಲ್ಲ ಒಂದೇ ತಳಿ ಬೆಳೆದರೆ ಒಂದೇ ರೋಗ ಊರನ್ನೆಲ್ಲ ಮುಗಿಸುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಇದೇ ಆಯಿತು. 1970ರಲ್ಲಿ ಅಮೆರಿಕದ ಗೋವಿನಜೋಳಕ್ಕೂ ಇದೇ ಆಯಿತು. ಅಲ್ಲಿನ ಬಹುಪಾಲು ಹೈಬ್ರಿಡ್‌ಗಳು ತಾಯಿ ಕಡೆಯಿಂದ ಒಂದೇ ಗುಣ ಹೊತ್ತಿದ್ದವು. ಆ ಗುಣವಿದ್ದ ಗಿಡಕ್ಕೆ ಬೇಗ ತಗಲುವ ಎಲೆ ಒಣಗುವ ರೋಗ ಬಂತು, ನೂರಕ್ಕೆ 15ರಷ್ಟು ಬೆಳೆ ಹೋಯಿತು. ಹಾವೇರಿ ಕಡೆ ಹೊರಟಾಗ ರಸ್ತೆಯ ಎರಡೂ ಬದಿ ಗೋವಿನಜೋಳ ನೋಡಿ ನನಗೆ ಇದೇ ನೆನಪಾಗುತ್ತದೆ.

ಮೆಣಸಿನಕಾಯಿ ನಮ್ಮದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಜೊತೆ ಬಂದದ್ದು. ಆದರೆ ಬ್ಯಾಡಗಿಯ ಆ ಕಡುಗೆಂಪು, ಆ ಸುಕ್ಕು, ಆ ಕಡಿಮೆ ಖಾರ ನಮ್ಮದು. ಸುಗ್ಗಿ ಸುಗ್ಗಿಗೂ ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ಇಟ್ಟವರು ನಮ್ಮ ರೈತರು. 2011ರಲ್ಲಿ ಅದಕ್ಕೆ ಈ ನೆಲದ್ದೇ ಬೆಳೆ ಎಂಬ ಗುರುತು, ಜಿಐ ಟ್ಯಾಗ್ ಸಿಕ್ಕಿತು. ಆರಿಸುವ ಕೈ ನಿಂತರೆ ತಳಿಯೂ ಅಲ್ಲಿಗೇ ನಿಲ್ಲುತ್ತದೆ. ಬೀಜ ಬ್ಯಾಂಕಿನ ತಣ್ಣನೆ ಕೋಣೆಯಲ್ಲಿಟ್ಟ ಬೀಜಕ್ಕೆ ಇಟ್ಟ ವರ್ಷದ ಮಳೆ ಗೊತ್ತು, ಈಗಿನ ಮಳೆ ಗೊತ್ತಿಲ್ಲ. ಇಳುವರಿ ಕಡಿಮೆ ಎನ್ನುತ್ತಾರೆ. ಇಳುವರಿಯೊಂದೇ ಲೆಕ್ಕವಲ್ಲ.

ವಿರೋಧ
(ರೋಣ ತಾಲ್ಲೂಕಿನ ರೈತ ಮಹಿಳೆ)

ಊರಿಗೆ ನಾಲ್ಕು ಹೊಲ ಎಂದಿದ್ದಾರೆ ಮಾಸ್ತರರು. ಆ ನಾಲ್ಕು ಹೊಲ ಯಾರದು? ನಮ್ಮಂಥವರದೇ ಅಲ್ವಾ?

ಮನೆಗೆ ಬೇಕಾದ ಪುಂಡಿ, ಗುರೆಳ್ಳು, ಹೀರೆ ಈಗಲೂ ನನ್ನ ಕೈಯ ಬೀಜವೇ. ಅದರ ಮಾತು ಬೇರೆ. ಸಾಲ ತಂದು ಬಿತ್ತುವ ಬೆಳೆಯ ಮಾತು ಬೇರೆ.

ನಮ್ಮ ಮಾವನವರು ಜಯಧರ ಎಂಬ ದೇಸಿ ಹತ್ತಿ ಬಿಡಲಿಲ್ಲ. ಎರೆ ಭೂಮಿಗೆ ಹೇಳಿ ಮಾಡಿಸಿದ ಹತ್ತಿ, ಔಷಧಿ ಹೊಡೆಯುವ ಕೆಲಸವೂ ಕಡಿಮೆ. ಅದೆಲ್ಲ ನಿಜ. ಆದರೆ ಆಗಸ್ಟ್‌ನಲ್ಲಿ ಬಿತ್ತಿದ್ದು ಮಾರ್ಚ್‌ವರೆಗೂ ಹೊಲದಲ್ಲೇ ಇರುತ್ತದೆ, ಎಳೆಯೂ ಗಿಡ್ಡ. ಒಂದು ವರ್ಷ ಅಂಡಿಗೆ ತುಂಬಿ ಪೇಟೆಗೆ ಒಯ್ದರು. ದಲಾಲಿ ಅಂಗಡಿಯವರು ಬೆರಳಲ್ಲಿ ಎಳೆ ಎಳೆದು ನೋಡಿ, ಇದನ್ನು ಕೊಳ್ಳುವವರಿಲ್ಲ ಎಂದರು. ಮಾವ ಎರಡು ರಾತ್ರಿ ಅಂಡಿಗೆಯ ಪಕ್ಕದಲ್ಲೇ ಮಲಗಿದರು. ಮೂರನೇ ದಿನ ಕೇಳಿದ ದರಕ್ಕೆ ಕೊಟ್ಟು ಬಂದರು. ಅವತ್ತು ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಮಗಳ ಕಾಲೇಜಿನ ಫೀ ಆ ಹತ್ತಿಯಿಂದ ಬರಬೇಕಿತ್ತು. ನನ್ನ ಬೋರಮಾಳ ಅಡ ಇಟ್ಟೆವು. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಇಳುವರಿ, ದರ ಲೆಕ್ಕವಲ್ಲ ಎನ್ನುವವರು ಆ ಮೂರು ವರ್ಷ ನಮ್ಮ ಮನೆಯಲ್ಲಿ ಇರಬೇಕಿತ್ತು. ತಳಿ ಲೋಕಕ್ಕೆಲ್ಲ ಬೇಕು, ನಷ್ಟ ಮಾತ್ರ ನಮ್ಮದು ಯಾಕೆ?

ಈಗ ನಾವು ಜಿಪಿಬಿಡಿ-4 ಶೇಂಗಾ ಹಾಕುತ್ತೇವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿ. ತುಕ್ಕು ರೋಗ, ಎಲೆಚುಕ್ಕೆ ರೋಗ ಎರಡನ್ನೂ ತಡೆಯುತ್ತದೆ. ಆ ಶಕ್ತಿ ಎಲ್ಲಿಂದ ಬಂತು ಗೊತ್ತಾ? ದಕ್ಷಿಣ ಅಮೆರಿಕದ ಒಂದು ಕಾಡು ಶೇಂಗಾದಿಂದ. ಅದರ ಹೆಸರು ಅರಾಕಿಸ್ ಕಾರ್ಡೆನಾಸಿ. ಅದನ್ನು ನಮ್ಮೂರಿನ ಯಾರೂ ಹೊಲದಲ್ಲಿ ಕಾಪಾಡಿರಲಿಲ್ಲ. ವಿಜ್ಞಾನಿಗಳು ಹುಡುಕಿ ತಂದು ಇಟ್ಟರು, ಹೊಲದಲ್ಲಿ ಬೆಳೆಯುವ ಶೇಂಗಾದ ಜೊತೆ ಕೂಡಿಸಿದರು, ಆ ವಂಶದಿಂದಲೇ ಧಾರವಾಡದವರು ತಳಿ ತೆಗೆದರು. ಭತ್ತದ ಗಿಡ ಹುಲ್ಲಿನಂತೆ ಗಿಡ್ಡವಾಗಿಬಿಡುವ ಗ್ರಾಸಿ ಸ್ಟಂಟ್ ರೋಗಕ್ಕೂ ಹೀಗೇ. ಸಾವಿರಾರು ಮಾದರಿ ಪರೀಕ್ಷಿಸಿದಾಗ ಉತ್ತರ ಪ್ರದೇಶದ ಒಂದು ಕಾಡು ಭತ್ತದಲ್ಲಿ ಉತ್ತರ ಸಿಕ್ಕಿತು.

ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ 4 ಲಕ್ಷಕ್ಕೂ ಜಾಸ್ತಿ ಬೀಜ ಮಾದರಿಗಳಿವೆ. ಕಾಯುವುದು ಅವರ ಕೆಲಸ, ಅದಕ್ಕೆ ಸಂಬಳವೂ ಇದೆ. ಆ ಬೀಜಕ್ಕೆ ಈಗಿನ ಮಳೆ ಗೊತ್ತಿಲ್ಲವಂತೆ. ಮಳೆಯೇ ಹೋದ ವರ್ಷ ಜವಾರಿಯೂ ಒಣಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬ್ಯಾಡಗಿ ಕಾಯಿ ಉಳಿದಿರುವುದು ಅದಕ್ಕೆ ದರ ಇರುವುದರಿಂದ. ಜಯಧರಕ್ಕೂ ಬಿತ್ತುವ ಮೊದಲೇ ಒಂದು ದರ ಬರೆದು ಕೊಡಲಿ. ಈ ವರ್ಷವೇ ಬೀಜ ಹುಡುಕಿ ತಂದು, ಮಾವನವರು ಬಿತ್ತುತ್ತಿದ್ದ ಅದೇ ಎರಡು ಎಕರೆಯಲ್ಲಿ ಬಿತ್ತುತ್ತೇನೆ.