ಕ್ರಿಯಾಟಿನಿನ್ ನಾರ್ಮಲ್ ಅಂದಮಾತ್ರಕ್ಕೆ ಕಿಡ್ನಿ ಕ್ಷೇಮವಲ್ಲ

ಕೊಡಗಿನ ಸೋಮವಾರಪೇಟೆ ಕಡೆಯ ನೆಂಟರು ಫೋನಿನಲ್ಲಿ ಆರೋಗ್ಯದ ವಿಷಯ ತೆಗೆದರೆ ಈ ಮಾತು ಬಂದೇ ಬರುತ್ತದೆ: "ಕಿಡ್ನಿ ಟೆಸ್ಟ್ ಆಯ್ತು, ಕ್ರಿಯಾಟಿನಿನ್ ನಾರ್ಮಲ್." ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸವೇ ಈ ಕ್ರಿಯಾಟಿನಿನ್. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿದವರೂ ಅಷ್ಟಕ್ಕೇ ನಿಶ್ಚಿಂತರಾಗುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ಏನು ಬಂತು ಎಂದರೆ "ಅಲ್ಬುಮಿನ್ ನಿಲ್" ಎನ್ನುತ್ತಾರೆ, ಅಂದರೆ ರಕ್ತದ ಈ ಪ್ರೋಟೀನ್ ಮೂತ್ರದಲ್ಲಿ ಕಂಡಿಲ್ಲ ಎಂದು; ಇಲ್ಲವೇ ಮೂತ್ರವನ್ನು ಯಾರೂ ಕೇಳಲೇ ಇಲ್ಲ ಎನ್ನುತ್ತಾರೆ. ನನಗೆ ಕಳವಳ ಈ ನಿಶ್ಚಿಂತೆಯ ಬಗ್ಗೆಯೇ.

ನಾನಿರುವ ಇಂಗ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಆಗಬೇಕಾದ ಒಂಬತ್ತು ತಪಾಸಣೆಗಳನ್ನು ಗೊತ್ತುಮಾಡಿದ್ದಾರೆ. ರಕ್ತದ ಕ್ರಿಯಾಟಿನಿನ್ ಅವುಗಳಲ್ಲಿ ಒಂದು. ಮೂತ್ರದಲ್ಲಿ ಅಲ್ಬುಮಿನ್ ಎಷ್ಟು ಸೋರುತ್ತಿದೆ ಎಂಬ ಅಳತೆ ಇನ್ನೊಂದು. ಒಂದು ಮಾಡಿಸಿದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ರಕ್ತದ ಕ್ರಿಯಾಟಿನಿನ್ ಲ್ಯಾಬಿನ ಮಿತಿ ದಾಟುವ ಹೊತ್ತಿಗೆ ಕಿಡ್ನಿಯ ಶಕ್ತಿ ಸುಮಾರು ಅರ್ಧ ಹೋಗಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಅಲ್ಬುಮಿನ್ ಸೋರಿಕೆ ಎಷ್ಟೋ ಸಲ ಅದಕ್ಕೂ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಆಗ ನೋವಿಲ್ಲ, ಊತವಿಲ್ಲ, ಮೂತ್ರದ ಬಣ್ಣವೂ ಬದಲಾಗಿರುವುದಿಲ್ಲ.

ಊರಲ್ಲಿ ನೆಂಟರಿಗೆ ಆಗುವುದು ಹೆಚ್ಚಾಗಿ ಪಟ್ಟಿ ಅದ್ದಿ ಬಣ್ಣ ನೋಡುವ ಪರೀಕ್ಷೆ. ನಿಲ್, ಟ್ರೇಸ್, ಒಂದು ಪ್ಲಸ್ ಎಂದು ಬರೆದುಕೊಡುತ್ತಾರೆ. ಜಾಸ್ತಿ ನೀರು ಕುಡಿದು ಬಂದವರಲ್ಲಿ ನಿಜವಾದ ಸೋರಿಕೆಯೂ ಇದರಲ್ಲಿ ನಿಲ್ ಆಗಿಬಿಡಬಹುದು. ಬಿಸಿಲಲ್ಲಿ ದಿನವಿಡೀ ತೋಟದಲ್ಲಿ ದುಡಿದು ನೀರೇ ಕುಡಿಯದವರಲ್ಲಿ, ತೊಂದರೆ ಏನೂ ಇಲ್ಲದಿದ್ದರೂ ಪ್ಲಸ್ ಕಾಣಬಹುದು. ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಅಂದರೆ ಎಸಿಆರ್, ಈ ತೊಡಕನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಬೆಲ್ಲದ ಕಾಫಿಗೆ ನೀರು ಬೆರೆಸಿದರೆ ಕಾಫಿಯೂ ತೆಳುವಾಗುತ್ತದೆ, ಸಿಹಿಯೂ ತೆಳುವಾಗುತ್ತದೆ. ಒಂದಕ್ಕೊಂದರ ಪ್ರಮಾಣ ಮಾತ್ರ ಹಾಗೇ ಇರುತ್ತದೆ. ಮೂತ್ರದಲ್ಲಿ ಹೊರಹೋಗುವ ಕ್ರಿಯಾಟಿನಿನ್ ಒಬ್ಬ ಮನುಷ್ಯನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುವುದರಿಂದ, ಅದಕ್ಕೆ ಹೋಲಿಸಿ ಅಲ್ಬುಮಿನ್ ಅಳೆಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ, ಒಂದು ಸಣ್ಣ ಡಬ್ಬಿ, ಅಷ್ಟು ಸಾಕು.

ಮೈಸೂರಿಗೋ ಮಂಗಳೂರಿಗೋ ತೋರಿಸಲು ಹೋದವರಿಗೆ ಕೆಲವೊಮ್ಮೆ 24 ಗಂಟೆಯ ಮೂತ್ರ ಕೂಡಿಸಿ ತರಲು ಹೇಳುತ್ತಾರೆ. ಅದು ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ. ಆದರೆ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದು ಬೆಳಗಾದರೆ ಕಾಫಿ ಕೊಯ್ಲಿಗೆ ಹೊರಡುವ ಹೆಂಗಸು ಕ್ಯಾನನ್ನು ಎಲ್ಲಿಡಬೇಕು? ತೋಟದ ನಡುವೆ ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ಅಂಥವರಿಗೆ ಮೊದಲು ಎಸಿಆರ್ ಬರೆದುಕೊಡುವುದೇ ನ್ಯಾಯ.

ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿ ನಮ್ಮಂಥವರ ಅಭಿಪ್ರಾಯ ಕೇಳುವವರಿಗೆ ಒಂದು ಎಚ್ಚರಿಕೆ. ಭಾರತದಲ್ಲಿ ಎಸಿಆರ್ ಅನ್ನು ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಎಂದು ಬರೆಯುತ್ತಾರೆ, ಇಲ್ಲಿ ಇಂಗ್ಲೆಂಡಿನಲ್ಲಿ ಮಿಲಿಮೋಲ್ ಎಂಬ ಬೇರೆ ಅಳತೆಯಲ್ಲಿ, ಒಂದು ಮಿಲಿಮೋಲ್ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಎಂದು. ಊರಿನ ರಿಪೋರ್ಟಿನಲ್ಲಿ 30ಕ್ಕಿಂತ ಕಡಿಮೆಯಿದ್ದರೆ ಸರಿ, 30ರಿಂದ 300 ಮಧ್ಯಮ, ಅದರ ಮೇಲೆ ತೀವ್ರ. ಇಲ್ಲಿನ 30 ಅಂದರೆ ಅಲ್ಲಿನ ಸುಮಾರು 265. ಮಗ ಲಂಡನ್ನಿನಲ್ಲಿ ಕೂತು ಅಪ್ಪನ ರಿಪೋರ್ಟಿನ 200ನ್ನು ಇಲ್ಲಿನ ಅಳತೆಯೆಂದುಕೊಂಡು ಕಂಗಾಲಾಗುವುದು ಬೇಡ. ಹಾಗೆಂದು ಅದನ್ನು ಕಡೆಗಣಿಸುವುದೂ ಬೇಡ.

ಒಂದೇ ಸಲದ ಅಂಕೆ ನೋಡಿ ತೀರ್ಮಾನಕ್ಕೆ ಬರಬಾರದು. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಮೈಮುರಿವ ಕೆಲಸ, ಮುಟ್ಟು, ಇವುಗಳಿಂದಲೂ ಏರಬಹುದು. ಮತ್ತೆ ಪರೀಕ್ಷಿಸಬೇಕು, ಮೂರು ತಿಂಗಳಾದರೂ ಸೋರಿಕೆ ನಿಲ್ಲದಿದ್ದರೆ ಕಿಡ್ನಿಗೆ ತೊಂದರೆಯಿದೆ ಎಂಬುದು ಗಟ್ಟಿ.

ಇಂಗ್ಲೆಂಡಿನಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ. ಆ ಒಂಬತ್ತರಲ್ಲಿ ಜನ ಹೆಚ್ಚು ತಪ್ಪಿಸಿಕೊಳ್ಳುವುದು ಈ ಮೂತ್ರ ಪರೀಕ್ಷೆಯನ್ನೇ. ಅದಕ್ಕಾಗಿ ಕೆಲವೆಡೆ ಮನೆಗೇ ಕಿಟ್ ಕಳಿಸಿ, ಫೋನಿನ ಕ್ಯಾಮೆರಾದಲ್ಲೇ ಅಳೆಯುವ ವ್ಯವಸ್ಥೆ ಮಾಡಿದ್ದಾರೆ. ಕೊಡಗಿನಲ್ಲಿ ಅದಕ್ಕಿಂತ ಒಳ್ಳೆಯ ದಾರಿಯಿದೆ: ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ, ಯಾರಿಗೆ ಬಿಪಿ ಎಂದು ಬಲ್ಲ ಆಶಾ ಕಾರ್ಯಕರ್ತೆ. ಹಿಂದಿನ ಸಂಜೆ ಡಬ್ಬಿ ಕೊಟ್ಟು ಬೆಳಿಗ್ಗೆ ತರಿಸಲು ಅವರಿಗೆ ನೆರವು, ಸಂಭಾವನೆ ಎರಡೂ ಸಿಗಬೇಕು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ನಾಪೋಕ್ಲಿನವರೂ ಶನಿವಾರಸಂತೆಯವರೂ ಇದೊಂದು ಪರೀಕ್ಷೆಗೆ ಘಟ್ಟ ಇಳಿಯುವಂತಾಗಬಾರದು.

ಸೋರಿಕೆ ಬೇಗ ಗೊತ್ತಾದರೆ ಮಾಡಲು ಬಹಳಷ್ಟಿದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳು ಸೋರಿಕೆಯನ್ನೂ ತಗ್ಗಿಸುತ್ತವೆ. ಡಾಪಾಗ್ಲಿಫ್ಲೋಜಿನ್ ಕಿಡ್ನಿ ಕೆಡುವ ವೇಗ ತಗ್ಗಿಸುತ್ತದೆ. 2020ರಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕನ್ನು ಮಾತ್ರ ಕಿಡ್ನಿ ತೊಂದರೆ ಇರುವವರು ಇವತ್ತೇ ಬಿಡಲಿ. ಮುಂದಿನ ಸಲ ಡಾಕ್ಟರ ಮುಂದೆ ಕೂತಾಗ "ಎಸಿಆರ್ ಬರೆದುಕೊಡಿ" ಎಂದು ಬಾಯಿಬಿಟ್ಟು ಕೇಳಿ, ಬಂದ ಅಂಕೆಯನ್ನು ತಾರೀಖಿನ ಸಮೇತ ಸಕ್ಕರೆಯ ಪುಸ್ತಕದಲ್ಲೇ ಬರೆದಿಡಿ.