ಬಾಸ್ಕೆಟ್‌ಬಾಲ್ ಶೂ: ಕಾಲ ಕೊಡುವ ತೀರ್ಪೇ ಸರಿಯೇ?

ಹೊಸ ಬಾಸ್ಕೆಟ್‌ಬಾಲ್ ಶೂ ಒಂದರ ಫೋಟೊ ಮೊಬೈಲಿಗೆ ಬಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ತಕ್ಷಣ ತೀರ್ಪು ಬಂದುಬಿಡುತ್ತದೆ. ‘ಭಾಳ ಛಲೋ ಐತಿ’ ಇಲ್ಲವೇ ‘ಏನಿದು, ನೋಡಾಕ ಆಗವಲ್ದು’. ಅದೇ ಶೂ ಬಗ್ಗೆ ಹತ್ತು ವರ್ಷ ಬಿಟ್ಟು ಕೇಳಿದರೆ ಉತ್ತರ ಬೇರೆಯೇ ಇರಬಹುದು. ಹಾಗಾದರೆ ಯಾವ ತೀರ್ಪನ್ನು ನಂಬಬೇಕು? ಅವಳಿ ನಗರದ ಇಬ್ಬರು ಗೆಳೆಯರು ಇಲ್ಲಿ ವಾದಿಸಿದ್ದಾರೆ. ಮೊದಲನೆಯವನು ಹುಬ್ಬಳ್ಳಿಯವನು, ಶೂಗಳ ಹುಚ್ಚು ಇರುವವನು. ಎರಡನೆಯವನು ಧಾರವಾಡದಲ್ಲಿ ಸಂಜೆ ಮಕ್ಕಳಿಗೆ ಆಟ ಹೇಳಿಕೊಡುವವನು.

ಪರ: ಕಣ್ಣಿಗೆ ಸ್ವಲ್ಪ ಟೈಮ್ ಕೊಡಿ

ಕಣ್ಣು ತನಗೆ ಪರಿಚಯ ಇರೋದನ್ನೇ ಚೆಂದ ಅನ್ನುತ್ತದೆ. ಹೊಸ ವಿನ್ಯಾಸದ ಕಷ್ಟವೇ ಇದು. ಅದು ನಿಜವಾಗಿ ಹೊಸದಾಗಿದ್ದರೆ ಮೊದಲ ದಿನ ವಿಚಿತ್ರವಾಗಿ ಕಾಣಲೇಬೇಕು.

1997ರಲ್ಲಿ ನೈಕಿ ಕಂಪನಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಪೆನ್ನಿ ಹಾರ್ಡವೇ ಹೆಸರಲ್ಲಿ ಫೋಮ್‌ಪೊಸಿಟ್ ಶೂ ತಂದಿತು. ಸಾಮಾನ್ಯ ಶೂನಲ್ಲಿ ಚರ್ಮದ ತುಂಡುಗಳನ್ನು ಕತ್ತರಿಸಿ ಹೊಲಿಯುತ್ತಾರೆ. ಇದರ ಮೇಲ್ಭಾಗವನ್ನು ಅಚ್ಚಿನಲ್ಲಿ ಎರಕ ಹೊಯ್ದು ತೆಗೆದಿದ್ದರು. ಜೀರುಂಡೆಯ ಬೆನ್ನಿನಂಥ ಹೊಳಪು, ಕಡು ನೀಲಿ ಬಣ್ಣ. ಬೆಲೆ 180 ಡಾಲರ್. ಆಗಿನ ಕಾಲಕ್ಕೆ ಅದು ತೀರಾ ಜಾಸ್ತಿ. ಇದನ್ನು ಯಾರು ಹಾಕುತ್ತಾರೆ ಅಂತ ಕೇಳಿದವರು ಬಹಳ ಜನ. 2012ರ ಫೆಬ್ರವರಿಯಲ್ಲಿ ಅದೇ ಶೂ ನಕ್ಷತ್ರಲೋಕದ ಚಿತ್ತಾರ ಹೊತ್ತು ಬಂತು. ಆಗ ಅಮೆರಿಕದ ಒರ್ಲಾಂಡೊ ನಗರದ ಮಾಲ್ ಎದುರು ಎಷ್ಟು ಜನ ಸೇರಿದರೆಂದರೆ, ಪೊಲೀಸರು ಗಲಭೆ ತಡೆಯುವ ವೇಷದಲ್ಲೇ ಬರಬೇಕಾಯಿತು. ಆಕಾರ ಅದೇ. ನೋಡುವ ಕಣ್ಣು ಬದಲಾಗಿತ್ತು.

ಇದು ಬರೀ ಚೆಂದದ ಮಾತೂ ಅಲ್ಲ. ಕಣಕಾಲು ಮುಚ್ಚುವಷ್ಟು ಎತ್ತರದ ಶೂ ಇಲ್ಲದಿದ್ದರೆ ಕಾಲು ಉಳುಕುತ್ತದೆ ಅನ್ನೋದು ಬಾಸ್ಕೆಟ್‌ಬಾಲ್‌ನ ಹಳೆಯ ನಂಬಿಕೆ. ಅಮೆರಿಕದ ಹೆಸರಾಂತ ಆಟಗಾರ ಕೋಬಿ ಬ್ರಯಂಟ್ ಚಿಕ್ಕವನಿದ್ದಾಗ ಇಟಲಿಯಲ್ಲಿ ಬೆಳೆದವನು, ಫುಟ್‌ಬಾಲ್ ಪ್ರೇಮಿ. ಫುಟ್‌ಬಾಲ್ ಆಟಗಾರರು ಗಿಡ್ಡ ಶೂ ಹಾಕಿಕೊಂಡೇ ಅಷ್ಟು ಜೋರಾಗಿ ತಿರುಗುತ್ತಾರಲ್ಲ, ನಮಗ್ಯಾಕೆ ಆಗಲ್ಲ ಅನ್ನೋದು ಅವನ ವಾದ. ವಿನ್ಯಾಸಕಾರ ಎರಿಕ್ ಅವಾರ್ ಅವನ ನಾಲ್ಕನೇ ನೈಕಿ ಶೂವನ್ನು ಗಿಡ್ಡದಾಗಿಯೇ ಮಾಡಿದ. ಆಗ ಹೌಹಾರಿದವರು ಕಮ್ಮಿ ಇರಲಿಲ್ಲ. ಇವತ್ತು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ಹಾಕಿ ನೋಡಿ. ಗಿಡ್ಡ ಶೂಗಳೇ ಎಲ್ಲಾ ಕಡೆ.

2016ರಲ್ಲಿ ಎನ್‌ಬಿಎ ಆಟಗಾರ ಸ್ಟೀಫನ್ ಕರ್ರಿಯ ಬಿಳಿ ಶೂ ನೋಡಿ ‘ಇದು ಅಪ್ಪಂದಿರ ಶೂ’ ಅಂತ ಜಗತ್ತೆಲ್ಲ ನಕ್ಕಿತು. ಅದಾಗಿ ಒಂದೆರಡು ವರ್ಷಕ್ಕೆ ಫ್ಯಾಶನ್ ಲೋಕ ಬೇಕೂಂತಲೇ ಅಪ್ಪಂದಿರ ಶೂಗಳ ಹಿಂದೆ ಬಿತ್ತು!

ನಮ್ಮ ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಧ್ವನಿಮುದ್ರಿಕೆಗಳು ಗಾಂಧಾರಿ ಎಂಬ ಹೆಸರಲ್ಲಿ ಬಂದವು. ಅವುಗಳಲ್ಲಿ ದನಿ ತೆಳು. ಗಂಟಲ ಚಿಕಿತ್ಸೆಯ ನಂತರ ಅದು ಗಡುಸಾಯಿತು. ಹೆಣ್ಣಿನ ದನಿ ಅಂದರೆ ಹೀಗೇ ಇರಬೇಕು ಅಂದುಕೊಂಡ ಕಿವಿಗೆ ಅದು ಸುಲಭವಾಗಿ ಒಗ್ಗುವಂಥದ್ದಲ್ಲ. ಆದರೆ ಈಗ ಅವರ ಹೆಸರೆತ್ತಿದರೆ ನಮಗೆ ಕೇಳಿಸೋದು ಆ ಗಡುಸು ದನಿಯೇ. ಕಿವಿಗೆ ಕೊಟ್ಟ ಟೈಮನ್ನು ಕಣ್ಣಿಗೂ ಕೊಡಿ ಅಂತಷ್ಟೇ ನಾನು ಕೇಳೋದು.

ವಿರೋಧ: ಆಡಿದವರ ಕಾಲನ್ನು ಕೇಳಿ

ಗೆಳೆಯನ ಮಾತು ಕೇಳಲು ಹಿತ. ಆದರೆ ಅವನು ಆರಿಸಿಕೊಂಡಿರೋದು ಕಾಲ ಕೈಹಿಡಿದ ಶೂಗಳನ್ನು ಮಾತ್ರ. ಕೈಬಿಟ್ಟವು ಎಲ್ಲಿ?

ಅದೇ ಕೋಬಿಯನ್ನೇ ತೆಗೆದುಕೊಳ್ಳೋಣ. ನೈಕಿಗೆ ಬರುವ ಮೊದಲು ಅವನು ಅಡಿಡಾಸ್ ಶೂ ಹಾಕುತ್ತಿದ್ದ. 2000ದಲ್ಲಿ ಬಂದ ‘ದಿ ಕೋಬಿ’ ಶೂ ಔಡಿ ಟಿಟಿ ಕಾರಿನ ಆಕಾರ ನೋಡಿ ಮಾಡಿದ್ದು. ಅದು ಓಡಿತು. ಮರುವರ್ಷ ‘ದಿ ಕೋಬಿ ಟೂ’ ಬಂತು. ಡಬ್ಬಿಯಂಥ, ಬಿರುಸಾದ ಶೂ. ಅಭಿಮಾನಿಗಳು ಬೇಡ ಅಂದರು. ಕೋಬಿ ತಾನೇ ಅದನ್ನು ಬಿಟ್ಟು ಹಳೆಯ ಮಾದರಿಗೆ ಮರಳಿದ. 2002ರಲ್ಲಿ ಕಂಪನಿಯನ್ನೇ ಬಿಟ್ಟ. ಎರಡು ದಶಕ ದಾಟಿದೆ. ಹೆಚ್ಚಿನವರ ಆ ತೀರ್ಪು ಇನ್ನೂ ಬದಲಾಗಿಲ್ಲ. ಮೊದಲ ದಿನ ಕಾಲು ಹೇಳಿದ್ದೇ ಸರಿಯಾಗಿತ್ತು.

ಇನ್ನು ಎಲ್ಲರೂ ತೋರಿಸುವ ಏರ್ ಜೋರ್ಡನ್ 1, ಆಟಗಾರ ಮೈಕೆಲ್ ಜೋರ್ಡನ್ ಹೆಸರಲ್ಲಿ ನೈಕಿ ತಂದ ಶೂ. ಕಾಲ ಗೆಲ್ಲಿಸಿದ ಶೂ ಅಂತ ಇದನ್ನು ಹೊಗಳುತ್ತಾರೆ. ನಡೆದದ್ದು ನೋಡಿ. 1985ರಲ್ಲಿ ಬಂದಾಗ ಅದರ ಬೆಲೆ 65 ಡಾಲರ್. ಮೊದಲ ವರ್ಷವೇ 12 ಕೋಟಿ 60 ಲಕ್ಷ ಡಾಲರ್ ವ್ಯಾಪಾರ. ಅಂದರೆ ಜನ ಮೊದಲ ನೋಟಕ್ಕೇ ಒಪ್ಪಿಬಿಟ್ಟರು. ಆಮೇಲೆ ಕಂಪನಿ ಬೇಡಿಕೆಗಿಂತ ಜಾಸ್ತಿ ಮಾಡಿತು. ಮೈಕೆಲ್ ಜೋರ್ಡನ್ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹೊರಗುಳಿದ. ಶೂಗಳು ರಿಯಾಯಿತಿ ಬುಟ್ಟಿಗೆ ಬಿದ್ದವು. ಅಗ್ಗಕ್ಕೆ ಸಿಕ್ಕಿದ್ದನ್ನು ಸ್ಕೇಟ್‌ಬೋರ್ಡ್ ಹುಡುಗರು ಕೊಂಡರು. 1994ರಲ್ಲಿ ಅದನ್ನೇ ಮತ್ತೆ ತಂದರೆ ಅಂಗಡಿಗಳಲ್ಲಿ ಹಾಗೇ ಉಳಿಯಿತು, ಮತ್ತೆ ರಿಯಾಯಿತಿ. ಈಗ ಅದೇ ಶೂಗೆ ಸಾಲು ನಿಲ್ಲುತ್ತಾರೆ. ಒಪ್ಪಿದರು, ಮರೆತರು, ಬೇಡ ಅಂದರು, ಮತ್ತೆ ಮುಗಿಬಿದ್ದರು. ಇದರಲ್ಲಿ ಯಾವುದು ಕಾಲದ ತೀರ್ಪು? ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿದ್ದು ಎಷ್ಟು ಜೋಡಿ ಮಾರುಕಟ್ಟೆಗೆ ಬಿಡುತ್ತಾರೆ, ಜೋರ್ಡನ್ ನೆನಪು ಎಷ್ಟು ಸಿಹಿಯಾಗಿದೆ ಅನ್ನೋದು. ಅದು ಬೆಲೆ ಹೇಳುತ್ತದೆ, ಶೂ ಹೇಗಿದೆ ಅಂತ ಹೇಳೋದಿಲ್ಲ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಹಲವು ಹಳೆಯ ಶೂಗಳ ನಡುವಿನ ಮೆತ್ತೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನದು. ಅದು ಗಾಳಿಯ ತೇವ ಹೀರಿ ಒಳಗಿಂದಲೇ ಕೊಳೆಯುತ್ತದೆ. ಹಾಕದೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರೂ ಬಿಡೋದಿಲ್ಲ. ನಮ್ಮ ಧಾರವಾಡದ ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ, ಶೂ ಯಾವ ಲೆಕ್ಕ? 1989ರ ಒಂದು ಜೋಡಿ ಜೋರ್ಡನ್ 4 ಇವತ್ತು ಹಾಕಿ ನಾಲ್ಕು ಹೆಜ್ಜೆ ಓಡಿದರೆ ಸೋಲ್ ಪುಡಿಪುಡಿ ಆಗಬಹುದು. ಅಂದಮೇಲೆ ಮೂವತ್ತು ವರ್ಷ ಬಿಟ್ಟು ತೀರ್ಪು ಕೊಡುವವರು ಆ ಮೂಲ ಶೂನಲ್ಲಿ ಆಡಿಯೇ ಇಲ್ಲ. ಆಡಲೂ ಆಗದು. ಅವರು ಫೋಟೊ ನೋಡಿ ಹೇಳುತ್ತಾರೆ, ಇಲ್ಲವೇ ಕಪಾಟು ನೋಡಿ.

ಗಂಗೂಬಾಯಿಯವರ ಮಾತು ಬಂತು. ಅವರ ಹಾಡನ್ನು ಜನ ಕೂತು ಕೇಳಿ ಕೇಳಿ ಒಪ್ಪಿದರು. ಶೂ ವಿಷಯದಲ್ಲೂ ಹಾಗೇ ಆಗಲಿ ಅನ್ನೋದು ನನ್ನ ಆಸೆ. ಹಾಕಿ ಆಡಿ ಆಡಿ ಒಪ್ಪಲಿ. ಗಿಡ್ಡ ಶೂ ಗೆದ್ದದ್ದೂ ಹಾಗೆಯೇ. ಆಟಗಾರರು ಕಾಲಿಗೆ ಹಾಕಿ ನೋಡಿದರು, ಹಗುರ ಅನ್ನಿಸಿತು, ಉಳಿಸಿಕೊಂಡರು. ಅದಕ್ಕೆ ದಶಕಗಟ್ಟಲೆ ಕಾಯಬೇಕಿರಲಿಲ್ಲ.

ಇದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮ ಅಂಗಳಕ್ಕೇ ಬನ್ನಿ. ನಮ್ಮಲ್ಲಿ ಹೆಚ್ಚಿನ ಅಂಕಣಗಳು ಬಯಲಲ್ಲಿರುವ ಸಿಮೆಂಟಿನವು. ಮೇಲೆ ಸದಾ ಕೆಂಪು ಧೂಳು. ಎನ್‌ಬಿಎ ಶೂಗಳು ಹುಟ್ಟಿದ್ದು ಮರದ ಹಾಸಿನ ಒಳಾಂಗಣಕ್ಕೆ. ಅವುಗಳ ಮೆತ್ತನೆ ರಬ್ಬರ್ ನಮ್ಮ ಸಿಮೆಂಟಿಗೆ ಬೇಗ ಸವೆಯುತ್ತದೆ. ಪಾರದರ್ಶಕ ಸೋಲ್ ಆದರೆ ಧೂಳು ಹಿಡಿದು ಜಾರಲು ಶುರು. ನನ್ನ ಜೊತೆ ಆಡುವ ಹುಡುಗ ಹುಡುಗಿಯರು ಇದನ್ನು ಕೆಲವೇ ಸಂಜೆಗಳಲ್ಲಿ ಕಂಡುಹಿಡಿಯುತ್ತಾರೆ. ಆ ತೀರ್ಪನ್ನು ಯಾರೂ ಬರೆದಿಡೋದಿಲ್ಲ. ನನಗೆ ಅದೇ ಬೇಸರ. ಶೂ ಬಗ್ಗೆ ನಡೆಯುವ ಮಾತೆಲ್ಲ ಬಣ್ಣ, ಹೆಸರು, ರೀಸೇಲ್ ರೇಟಿನ ಸುತ್ತಲೇ.

ಪರಿಣಾಮ ಮನೆಗಳಲ್ಲಿ ಕಾಣುತ್ತದೆ. ಮಗ ಜೋರ್ಡನ್ 1 ಬೇಕು ಅಂತ ಹಟ ಹಿಡಿಯುತ್ತಾನೆ. ಅಸಲಿ ಜೋಡಿ ಬಲು ದುಬಾರಿ. ಅಷ್ಟು ಆಗದಿದ್ದರೆ ಫಸ್ಟ್ ಕಾಪಿ. ಎರಡೂ ನಮ್ಮ ಸಿಮೆಂಟಿನಲ್ಲಿ ಎಗರಿ ಇಳಿಯುವ ಮೊಣಕಾಲಿಗೆ ಸರಿಯಾದುದಲ್ಲ. 1985ರ ತಂತ್ರದ ಚಪ್ಪಟೆ ಸೋಲ್ ಅದು. ನೈಕಿಯೇ ಏಷ್ಯಾದ ಮಾರುಕಟ್ಟೆಗೆ ಅಂತ ಕೆಲವು ಶೂಗಳನ್ನು ಗಟ್ಟಿ ರಬ್ಬರಿನಲ್ಲಿ ಮಾಡುತ್ತದೆ, ಪೆಟ್ಟಿಗೆ ಮೇಲೆ ‘ಇಪಿ’ ಅಂತ ಇರುತ್ತದೆ. ಬೇರೆ ಕಂಪನಿಗಳಲ್ಲೂ ಬಯಲಿಗೆ ತಾಳುವ ಸೋಲ್‌ಗಳಿವೆ, ಅರ್ಧ ಬೆಲೆಗೂ ಸಿಗುತ್ತವೆ. ಕೊಪ್ಪಿಕರ್ ರಸ್ತೆಯ ಅಂಗಡಿಗೆ ಹೋದಾಗ ಮೊದಲು ಶೂ ತಿರುಗಿಸಿ ಸೋಲ್ ನೋಡಿ, ಉಗುರಿನಿಂದ ಒತ್ತಿ ನೋಡಿ. ಗೆರೆಗಳು ಆಳ ಇವೆಯಾ, ರಬ್ಬರ್ ಗಟ್ಟಿ ಇದೆಯಾ ಅಂತ ಪರೀಕ್ಷಿಸಿ. ಸಾಧ್ಯವಾದರೆ ಈಗಾಗಲೇ ಅದನ್ನು ಹಾಕಿ ಆಡುತ್ತಿರುವ ಯಾರನ್ನಾದರೂ ಕೇಳಿ. ಬಣ್ಣ ಆರಿಸೋದು ಅದಾದ ಮೇಲೆ.