ಬೀದರ್‌ನಿಂದ ಚಾಮರಾಜನಗರಕ್ಕೆ ಬರೀ 44 ನಿಮಿಷ!

ಬೀದರ್‌ನಿಂದ ಚಾಮರಾಜನಗರಕ್ಕೆ ಎಷ್ಟು ದೂರ ಅಂತ ಅಂತರ್ಜಾಲವನ್ನು ಕೇಳಿ ನೋಡಿ. ರಸ್ತೆಯಲ್ಲಿ 900 ಕಿ.ಮೀ. ಆಸುಪಾಸು, ವಾಯುಮಾರ್ಗದಲ್ಲಿ ಸುಮಾರು 665. ಅಷ್ಟಕ್ಕೇ ಬಿಡುವುದಿಲ್ಲ. ವಿಮಾನ ಗಂಟೆಗೆ 900 ಕಿ.ಮೀ. ಹಾರಿದರೆ 44 ನಿಮಿಷದಲ್ಲಿ ತಲುಪಬಹುದು ಎಂದು ಲೆಕ್ಕವನ್ನೂ ಒಪ್ಪಿಸುತ್ತದೆ. ತಲುಪಬಹುದು, ನಿಜ. ಇಳಿಯಲಿಕ್ಕೆ ಮಾತ್ರ ಆಗದು, ಏಕೆಂದರೆ ಚಾಮರಾಜನಗರದಲ್ಲಿ ವಿಮಾನ ನಿಲ್ದಾಣವೇ ಇಲ್ಲ. 44ನೇ ನಿಮಿಷಕ್ಕೆ ಪ್ರಯಾಣಿಕ ಊರಿನ ನೆತ್ತಿಯ ಮೇಲಿರುತ್ತಾನೆ. ಮುಂದಿನದು ಅವನ ಹಣೆಬರಹ.

ಹತ್ತುವ ಕಡೆಯ ಕಥೆಯೂ ಕಡಿಮೆಯದಲ್ಲ. ಬೀದರ್‌ನ ರನ್‌ವೇ ವಾಯುಪಡೆಯದು. ನಾಗರಿಕರಿಗೆ ಅಲ್ಲಿ ಬಾಗಿಲು ತೆರೆದದ್ದು 2020ರ ಫೆಬ್ರುವರಿಯಲ್ಲಿ. ವಿಮಾನ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಬಂದಾಗಲೆಲ್ಲ ಹಾರ-ತುರಾಯಿ, ಬ್ಯಾನರಿನಲ್ಲಿ ಕೈಮುಗಿದ ಮುಖಗಳು. ನಿಂತಾಗ ಮಾತ್ರ ಯಾರ ಬ್ಯಾನರೂ ಕಾಣಲಿಲ್ಲ.

ಇನ್ನು ರಸ್ತೆ. ಬೀದರ್‌ನವರು ತಮ್ಮದೇ ರಾಜಧಾನಿಗೆ ಹೋಗಲು ಹೈದರಾಬಾದಿನ ದಾರಿ ಹಿಡಿದರೆ ತೆಲಂಗಾಣ ದಾಟಿ, ಕರ್ನೂಲು, ಅನಂತಪುರ ಹಾದು, ಬಾಗೇಪಲ್ಲಿ ಹತ್ತಿರ ಮರಳಿ ಕರ್ನಾಟಕಕ್ಕೆ ಬರಬೇಕು. ಸ್ಲೀಪರ್ ಬಸ್ಸಿನಲ್ಲಿ ಅರ್ಧ ನಿದ್ದೆಯಲ್ಲಿ ಇಳಿದು ಚಹಾ ಕೇಳುವಾಗ ಯಾವ ಭಾಷೆಯಲ್ಲಿ ಕೇಳಬೇಕೆಂದು ಬೋರ್ಡು ನೋಡಿಕೊಳ್ಳಬೇಕು. ವಿಮಾನವೇನೂ ಹೆಚ್ಚಿನದಲ್ಲ, ನೇರ ಗೆರೆ ಎಳೆದರೂ ಅದು ಪಕ್ಕದ ರಾಜ್ಯಗಳ ನೆತ್ತಿಯ ಮೇಲೇ ಹಾಯುತ್ತದೆ.

ಅಂತರ್ಜಾಲದ ಲೆಕ್ಕಕ್ಕೆ ಸಿಗದ ಇನ್ನೊಂದು ಅಳತೆಯಿದೆ. ವಿಧಾನಸೌಧದಿಂದ ಚಾಮರಾಜನಗರಕ್ಕೆ ನಕಾಶೆಯಲ್ಲಿ ನೂರೆಂಬತ್ತು ಕಿ.ಮೀ. ಹತ್ತಿರ. ಆದರೆ ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ಎದ್ದ ಮೇಲೆ ಆ ದೂರವನ್ನು ಕ್ರಮಿಸಲು ಕೆಲವರಿಗೆ ಇಡೀ ಅಧಿಕಾರಾವಧಿಯೂ ಸಾಲಲಿಲ್ಲ. 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆ ಕೂಡ ಜಿಲ್ಲಾ ಕೇಂದ್ರ ಬಿಟ್ಟು ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಮದುವೆ ಮಂಟಪ ಒಂದೂರಲ್ಲಿ, ಧಾರೆ ಇನ್ನೊಂದೂರಲ್ಲಿ! ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿಬಂದೂ 2013ರಿಂದ ಐದು ವರ್ಷ ಪೂರೈಸಿದಾಗ ಜ್ಯೋತಿಷಿಗಳು ಯಾವ ಗ್ರಹದ ಮೇಲೆ ಹಾಕಿದರೋ!

ಭಾಷಣದಲ್ಲಿ ಮಾತ್ರ ಈ ಎರಡೂರು ಅಕ್ಕಪಕ್ಕದ ಮನೆಗಳು. 'ಬೀದರ್‌ನಿಂದ ಚಾಮರಾಜನಗರದವರೆಗೆ' ಎನ್ನದ ನಾಯಕರಿಲ್ಲ. ಒಂದೇ ಉಸಿರಿನಲ್ಲಿ ಹೋಗಿ ಮುಟ್ಟುತ್ತಾರೆ, ಟೋಲೂ ಇಲ್ಲ. ಅಂಥವರ ಪ್ರವಾಸಕ್ಕೆ ಎರಡೇ ವಿಧಿ. ರಸ್ತೆಯಲ್ಲಿ ಬರುತ್ತಾರೆಂದರೆ ಹಿಂದಿನ ರಾತ್ರಿ ಗುಂಡಿಗಳಿಗೆ ಡಾಂಬರು ಬೀಳುತ್ತದೆ. ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದರೆ ಗುಂಡಿಗಳು ಇದ್ದಲ್ಲೇ ಇರುತ್ತವೆ, ಶಾಲೆಯ ಮೈದಾನದಲ್ಲಿ ಸುಣ್ಣದಿಂದ 'ಎಚ್' ಬರೆಯುತ್ತಾರೆ. ಧೂಳು ಏಳದಿರಲೆಂದು ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಾರೆ. ಅವತ್ತು ಊರಿನ ನಲ್ಲಿಯಲ್ಲಿ ನೀರು ಬರುವುದಿಲ್ಲ.